ಅಗಳಿ ಹಾಕಿದ ಕೋಣೆ

ಯುದ್ಧದ ವರ್ಷಗಳಲ್ಲಿ ಮೀರಜದಿಂದ ಹಿರೇಕೆರೂರಿಗೆ ಸೊಸೆಯಾಗಿ ಬಂದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹತ್ತಿ ಬಿಡಿಸುತ್ತ ತನ್ನ ಮರಾಠಿ ಪತ್ತೇದಾರಿ ಕಾದಂಬರಿಯನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಳಗಿನಿಂದ ಅಗಳಿ ಹಾಕಿದ ಕೋಣೆ, ಅದರಲ್ಲಿ ಸಾಹುಕಾರನ ಹೆಣ. ಕೊಂದವನು ಹೊರಬಂದದ್ದು ಹೇಗೆ? ಅದನ್ನು ಹೇಳದೆಯೇ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಅಗಳಿಗೆ ದಾರ ಕಟ್ಟಿ ಎಳೆದನೇ, ಹಂಚು ಸರಿಸಿದನೇ ಎಂದು ಊಹಿಸುವ ಸುಖದಲ್ಲಿ ನಾನು ಎಷ್ಟೋ ರೊಟ್ಟಿ ಹೊತ್ತಿಸಿದೆ. ಕೊನೆಗೆ ತಡೆಯಲಾರದೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ಮರಾಠಿ ಕಲಿತು, ಅವಳು ಬಿಟ್ಟುಹೋದ ಪುಸ್ತಕ ಓದಿದೆ. ಅದರಲ್ಲಿ ಸಾಹುಕಾರ ಸತ್ತದ್ದು ನಡುಬೀದಿಯಲ್ಲಿ! ಇಂಥ ಮೋಸ ನನಗೆ ಯಾರೂ ಮಾಡಿರಲಿಲ್ಲ.

ಕೂಸಿನೊಂದಿಗೆ ಮರಳಿದವಳ ಮುಂದೆ ಪುಸ್ತಕ ಒಗೆದೆ.

"ಅಗಳಿ ಹಾಕಿದಾಕಿ ನಾನ," ಎಂದಳು. "ತಗದು ಹೊರಗ ಬರೂದು ಹೆಂಗಂತ ನನಗೂ ತಿಳಿವಲ್ದು."