ನಲವತ್ತೊಂದನೇ ಕೊಳವೆಯ ಉಸಿರು

ಬೆಳಿಗ್ಗೆ ಐದೂವರೆ. ಶ್ರೀನಿವಾಸಪುರದ ಹೊರಗಿರುವ ಮಾವಿನ ರಸದ ಕಾರ್ಖಾನೆಯಲ್ಲಿ ಬಾಯ್ಲರ್ ಇನ್ನೂ ತಣ್ಣಗಿದೆ. ಐವತ್ತೆರಡರ ತಾಜುನ್ನೀಸಾ ಅದರ ಕಬ್ಬಿಣದ ಬಾಗಿಲು ತೆರೆದು, ಸೆರಗು ಸರಿಸಿ, ಒಂದೊಂದೇ ಕೊಳವೆಯ ಬಾಯಿಗೆ ಕಿವಿ ಹಚ್ಚುತ್ತಿದ್ದಾರೆ. ಒಟ್ಟು ಎಪ್ಪತ್ತೆರಡು ಕೊಳವೆ. ಚಿಮಣಿಯಿಂದ ಇಳಿಯುವ ಗಾಳಿಗೆ ಎಲ್ಲವೂ ಸಣ್ಣಗೆ ಸಿಳ್ಳು ಹಾಕುತ್ತವೆ. ನಲವತ್ತೊಂದನೆಯದು ಮಾತ್ರ ಉಸಿರಾಡುತ್ತದೆ. ಒಂದು ಉಸಿರು, ಕೊಂಚ ಬಿಡುವು, ಮತ್ತೊಂದು. ಅವರ ಕೆಲಸದ ಬಗ್ಗೆ ಬರೆಯಲು ಬಂದಿದ್ದ ನಾನೂ ಧೈರ್ಯವಂತನಂತೆ ಕಿವಿಯಿಟ್ಟೆ. ಇಟ್ಟಷ್ಟೇ ಬೇಗ ತೆಗೆದೆ.

ಈ ಕೊಳವೆಗಳ ಒಳಗೆ ಬೆಂಕಿಯ ಹೊಗೆ ಹರಿಯುತ್ತದೆ, ಹೊರಗೆ ಸುತ್ತಲೂ ನೀರು. ಒಳಗೆ ತೂರಿಸುವ ತಿರುಚಿದ ಪಟ್ಟಿಗಳನ್ನು ಮಾಡುವುದು ತಾಜುನ್ನೀಸಾ ಅವರ ಕಸುಬು. ಎಂಟಡಿ ಉಕ್ಕಿನ ಪಟ್ಟಿಯ ಒಂದು ತುದಿಯನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಇನ್ನೊಂದಕ್ಕೆ ಹಿಡಿಕೆ ಹಾಕಿ ಹದಿನೆಂಟು ಸುತ್ತು ತಿರುಗಿಸಬೇಕು. ದಿನಕ್ಕೆ ಹನ್ನೆರಡು ಪಟ್ಟಿ. ಮಾಲೂರು, ಕೋಲಾರದ ಬಾಯ್ಲರ್‌ಗಳಿಗೂ ಹೋಗುತ್ತವೆ.

"ಹೊಗೆ ಬಲು ಸೋಮಾರಿ ಸಾರ್. ಬಿಟ್ರೆ ನೆಟ್ಟಗೆ ಹೊರಟೋಗುತ್ತೆ, ಕಾಸಿದ್ದೆಲ್ಲ ಆಕಾಶಕ್ಕೆ. ಪಟ್ಟಿ ಇದ್ರೆ ಸುತ್ಕೊಂಡು, ಗೋಡೆ ಸವರ್ಕೊಂಡು ಹೋಗ್ಬೇಕು. ಆಗ ನೀರಿಗೆ ಶಾಖ ಬಿಡುತ್ತೆ."

ಈ ಕೆಲಸ ಮೊದಲು ಅವರ ಗಂಡ ಅಜ್ಮತುಲ್ಲಾ ಅವರದು. ಅವರು ಎಡಚ, ಅವರು ತಿರುಚಿದ ಪಟ್ಟಿಗಳೆಲ್ಲ ಎಡಸುತ್ತಿನವು. ಆರು ವರ್ಷದ ಹಿಂದೆ ನಲವತ್ತೊಂದಕ್ಕೆ ಪಟ್ಟಿ ತೂರಿಸಿ ಎದ್ದವರು ಎದೆ ಹಿಡಿದುಕೊಂಡು ಇಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಆಮೇಲೆ ಉಳಿದವು ಸವೆದಂತೆಲ್ಲ ತಾಜುನ್ನೀಸಾ ತಮ್ಮ ಬಲಸುತ್ತಿನ ಪಟ್ಟಿ ಹಾಕುತ್ತ ಬಂದಿದ್ದಾರೆ. ಗಂಡನ ಕೈಯದು ಉಳಿದಿರುವುದು ನಲವತ್ತೊಂದರದೊಂದೇ.

ಅದೂ ಇವತ್ತು ಹೊರಬರಬೇಕು. ಸುಟ್ಟು ಹಪ್ಪಳವಾಗಿದೆ, ಒಳಗೇ ಮುರಿದರೆ ಕೊಳವೆಯನ್ನೇ ಮುಚ್ಚಬೇಕಾಗುತ್ತದೆ. ಪಟ್ಟಿಯ ಜೊತೆ ಆ ಉಸಿರೂ ಹೋದೀತೆಂಬ ಭಯ ಅವರ ಮುಖದಲ್ಲೇ ಕಾಣುತ್ತದೆ. ಬಾಯ್ಲರ್ ನೋಡಿಕೊಳ್ಳುವ ವೆಂಕಟ್‌ಗೆ ಅದು ಹೋದರೇ ನೆಮ್ಮದಿ. "ಈ ಕಡೆಗೆ ನಾನೊಬ್ನೇ ಬರಲ್ಲ ಸಾರ್," ಎನ್ನುತ್ತಾನೆ.

ಕೊಕ್ಕೆ ಹಾಕಿ ಎಳೆದರೆ ಪಟ್ಟಿ ಮೂರು ತುಂಡಾಗಿ ಬರುತ್ತದೆ. ಬಲಸುತ್ತಿನ ಹೊಸದನ್ನು ತೂರಿಸುತ್ತಾರೆ. ಕಿವಿ ಹಚ್ಚುತ್ತಾರೆ. ಉಳಿದವುಗಳಂತೆ ಬರೀ ಸಿಳ್ಳು.

ತಾಜುನ್ನೀಸಾ ನೆಲಕ್ಕೆ ಕೂತುಬಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಅದನ್ನು ಹೊರಗೆಳೆದು, ಇನ್ನೂ ತಿರುಚದ ಇನ್ನೊಂದು ಪಟ್ಟಿಯನ್ನು ವೈಸಿಗೆ ಕಚ್ಚಿಸುತ್ತಾರೆ. ಈ ಸಲ ಹಿಡಿಕೆ ಹಿಡಿದದ್ದು ಎಡಗೈ. ಎಡಕ್ಕೆ ಹದಿನೆಂಟು ಸುತ್ತು, ಎಲ್ಲೂ ತಡವರಿಸದೆ.

"ಯಾವಾಗ ಕಲಿತಿರಿ?" ಎಂದು ಕೇಳುತ್ತೇನೆ.

"ಕಲೀಲಿಲ್ಲ ಸಾರ್. ಎಡಗೈಲಿ ನಾನು ಸೂಜೀನೂ ಹಿಡಿದೋಳಲ್ಲ. ಹಿಡಿಕೆ ಮುಟ್ದೆ, ತಿರುಗ್ತು."

ಪಟ್ಟಿ ಒಳಗೆ ಹೋಗುತ್ತದೆ. ವೆಂಕಟ್ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಸುಳ್ಳೇಕೆ, ನಾನೂ. ತಾಜುನ್ನೀಸಾ ಬಹಳ ಹೊತ್ತು ಕಿವಿಯಿಟ್ಟು ಆಲಿಸುತ್ತಾರೆ.

"ನಾನಾದ್ಮೇಲೆ ಬರೋರು ಈ ಒಂದಕ್ಕೆ ಎಡಕ್ಕೇ ತಿರುವ್ಲಿ. ಇನ್ನೇನೂ ಬೇಡ," ಎಂದು ಬಾಗಿಲು ಮುಚ್ಚುತ್ತಾರೆ. "ವೆಂಕಟ್, ಬೆಂಕಿ ಹಚ್ಚಪ್ಪಾ. ನಮ್ಮನೆಯೋರು ಎದ್ದಿದಾರೆ."