ಮೂರನೇ ಸಾಲಿನ ಹಸು

ಕಳೆದ ಕಾರ್ತಿಕದ ಮೊದಲ ಭಾನುವಾರ ಬೆಳಗ್ಗೆ ಹತ್ತೂವರೆಯ ಸುಮಾರಿಗೆ, ಮೇಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ನನ್ನ ಸೋದರಮಾವ ರಾಜನ ಪದ ಹಾಡುತ್ತಿದ್ದಾಗ ಹಾರ್ಮೋನಿಯಂ ಮೇಷ್ಟ್ರು ಮೂರನೇ ಸಾಲಿಗೆ ತಿದಿ ಮುಚ್ಚಿದರು.

ಅದು ಊರಿನ ಪೌರಾಣಿಕ ನಾಟಕಕ್ಕೆ ಪಾತ್ರ ಹಂಚುವ ದಿನ. ಸ್ಥಳ, ಮಾವ ರೇಷ್ಮೆ ಹುಳು ಸಾಕುವ ಹುಳು ಮನೆಯ ಜಗಲಿ. ಮಾವ ಇದುವರೆಗಿನ ಐದು ನಾಟಕಗಳಲ್ಲಿ ದ್ವಾರಪಾಲಕ. ಐದರಲ್ಲೂ ಅವರಿಗೆ ಇದ್ದದ್ದು ಒಂದೇ ಮಾತು, ದೂತ ಬಂದಿದ್ದಾನೆ ಎಂಬುದು. ಈ ಸಲ ರಾಜನ ಪಾತ್ರ ಖಾಲಿಯಾಗಿತ್ತು. ವರ್ಷಗಳಿಂದ ರಾಜನಾಗಿದ್ದವರಿಗೆ ಮಂಡಿ ನೋವು ಬಂದು, ಸಿಂಹಾಸನದಲ್ಲಿ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು. ಮಾವ ಆರು ತಿಂಗಳು ಆ ಪದ ಅಭ್ಯಾಸ ಮಾಡಿದ್ದರು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಹಾಡಿದ್ದರು, ಬೈಕಿನ ಮೇಲೆ ಹಾಡಿದ್ದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುತ್ತಿರುವಾಗಲೂ ಹಾಡಿ ಪಕ್ಕದವರಿಂದ ಬೈಸಿಕೊಂಡಿದ್ದರು.

ಮೇಷ್ಟ್ರು ಮಂಡಿಕಲ್ ಕಡೆಯವರು. ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಾರೆ, ಬೇಸರವಾದರೂ ಅಷ್ಟೆ. "ಶ್ರುತಿ ಪೋಯಿಂದಪ್ಪಾ," ಎಂದರು. ಶ್ರುತಿ ಹೋಯಿತು ಎಂದು ಕನ್ನಡದಲ್ಲೂ ಒಮ್ಮೆ ಹೇಳಿ, ಪಟ್ಟಿಯಲ್ಲಿ ಮಾವನ ಹೆಸರಿನ ಮುಂದೆ ದ್ವಾರಪಾಲಕ ಎಂದು ಬರೆದರು.

ಮಾವ ಒಪ್ಪಲಿಲ್ಲ. ಆಗಷ್ಟೇ ಹಾಡಿದ್ದನ್ನು ಅವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಮೊಬೈಲನ್ನು ಇಟ್ಟಿದ್ದು ಹುಳು ಮನೆಯ ಕಿಟಕಿಯ ಕಟ್ಟೆಯ ಮೇಲೆ, ಹುಳುಗಳನ್ನು ಕೊಲ್ಲುವ ಊಜಿ ನೊಣ ಬಾರದಂತೆ ಹೊಡೆದ ಬಲೆಗೆ ಒರಗಿಸಿ. ಅಲ್ಲೇ ಹಾಕಿ ಕೇಳಿಸಿದರು. ಅದರಲ್ಲಿ ಮಾವ ತಗಡಿನ ಡಬ್ಬದೊಳಗಿಂದ ಹಾಡುತ್ತಿರುವ ಹಾಗಿತ್ತು. ಮೊಬೈಲಲ್ಲಿ ಶ್ರುತಿ ಗೊತ್ತಾಗುವುದಿಲ್ಲ, ಒಳ್ಳೆಯ ಸೌಂಡ್ ಸಿಸ್ಟಂನಲ್ಲಿ ಕೇಳಿ ಆಮೇಲೆ ತೀರ್ಮಾನ ಮಾಡಿ ಎಂದು ಮಾವ ಪಟ್ಟು ಹಿಡಿದರು. ಮೇಷ್ಟ್ರು ಒಂದು ತಿಂಗಳು ಗಡುವು ಕೊಟ್ಟರು. ಪಟ್ಟಿಯಲ್ಲಿ ಬರೆದದ್ದನ್ನು ಹೊಡೆದು ಹಾಕಲಿಲ್ಲ.

ಮಾರನೆಯ ವಾರ ಮಾವನೂ ನಾನೂ ಚಿಕ್ಕಬಳ್ಳಾಪುರದ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಎಷ್ಟು ವಾಟ್ ಎಂದು ಹೇಳಿದರು, ತಗ್ಗು ದನಿಯ ಬಾಸ್ ಬಗ್ಗೆ ಹೇಳಿದರು. ಬಾಸ್ ಹೇಗಿದೆ ಎಂದು ತೋರಿಸಲು ಗುಂಡಿ ತಿರುಗಿಸಿದಾಗ ಅಂಗಡಿಯ ಗಾಜು ನಡುಗಿತು. ಮಾವ ಎದೆಯ ಮೇಲೆ ಕೈಯಿಟ್ಟುಕೊಂಡು, ಇದು ರಾಜನಿಗೆ ಸರಿಯಾಗಿದೆ ಎಂದರು. ಒಂದು ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್, ಒಂದು ಬಾಸ್ ಪೆಟ್ಟಿಗೆ ಸಂಜೆಯೊಳಗೆ ಮಾವನ ಮನೆಯ ಹಾಲ್‌ನಲ್ಲಿ ಬಂದು ನಿಂತವು.

ಹಾಲ್ ಹೊಸದು. ನೆಲಕ್ಕೆ ಹೊಳೆಯುವ ಟೈಲ್ಸ್, ಒಂದು ಗೋಡೆಗೆ ಪೂರ್ತಿ ಗಾಜಿನ ಶೋಕೇಸ್. ಅತ್ತೆ ಸ್ಪೀಕರ್‌ಗಳಿಗೆ ಅರಿಶಿನ ಕುಂಕುಮ ಇಟ್ಟರು. ದೂಳು ಕೂರದಿರಲಿ ಎಂದು ಪ್ಲಾಸ್ಟಿಕ್ ಕವರ್ ತೆಗೆಯಲು ಬಿಡಲಿಲ್ಲ. ಮುಂಭಾಗದ ಬಟ್ಟೆಗೆ ಯಾರೂ ಬೆರಳು ಹಾಕದಿರಲಿ ಎಂದು ಎರಡನ್ನೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಮೊದಲ ಸಲ ಹಾಡು ಹಾಕಿದಾಗ ಮಾವನ ದನಿ ಪಕ್ಕದ ಮನೆಯಿಂದ ಬಂತು. ಪಕ್ಕದ ಮನೆಯವರು ಬಂದು ಏನಾದರೂ ಬೇಕಿತ್ತಾ ಎಂದು ಕೇಳಿದರು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಏನು ಬದಲಾಯಿಸಿದೆವು, ಏನು ಕೇಳಿಸಿತು ಎಂಬುದನ್ನು ಬರೆದಿಡುವ ಕೆಲಸ ನನ್ನದಾಯಿತು. ಆ ಟಿಪ್ಪಣಿ ಪುಸ್ತಕ ನನ್ನ ಬಳಿ ಇದೆ. ಮೊದಲ ಪುಟದಲ್ಲಿರುವುದು ಇಷ್ಟು: "ಸ್ಪೀಕರ್ ತಿರುಗಿಸಲಾಯಿತು. ಕವರ್ ತೆಗೆಯಲಾಯಿತು, ಅತ್ತೆಯ ಆಕ್ಷೇಪದ ನಡುವೆ. ದನಿ ಈಗ ಮನೆಯೊಳಗೇ ಇದೆ. ಹಿನ್ನೆಲೆಯಲ್ಲಿ ಸರಸರ ಎಂಬ ಸದ್ದು. ಮೂರನೇ ಸಾಲಿನ ಹತ್ತಿರ ಸದ್ದು ಕಡಿಮೆಯಾಗುತ್ತದೆ. ಅಲ್ಲೇ ಒಂದು ಅಸ್ಪಷ್ಟ ಕೂಗು, ಬಹುಶಃ ಹಸು."

ಆ ಸರಸರ ಸದ್ದೇ ಎಲ್ಲಕ್ಕೂ ಕಾರಣ ಎಂದು ಮಾವ ನಂಬಿದರು. ಅದು ಹೋದರೆ ಶ್ರುತಿ ತಾನಾಗಿ ಸರಿಹೋಗುತ್ತದೆ ಎಂಬುದು ಅವರ ವಾದ. ಗೌರಿಬಿದನೂರಿನಲ್ಲಿರುವ ಮಾವನ ಷಡ್ಡಕರು ಫೋನಿನಲ್ಲಿ, ವೈರು ತೆಳ್ಳಗಿದ್ದರೆ ಹಾಗಾಗುತ್ತದೆ ಎಂದರು. ಬೋರ್‌ವೆಲ್ ಮೋಟಾರಿಗೆ ತಂದು ಉಳಿದಿದ್ದ ಕೇಬಲ್ ಎಳೆದೆವು. ಹೆಬ್ಬೆರಳು ದಪ್ಪದ ಆ ಕೇಬಲ್ ಸ್ಪೀಕರಿನ ತೂತಿಗೆ ಹಿಡಿಯಲಿಲ್ಲ. ಬಿಡಿಸಿ, ಒಂದೊಂದೇ ಎಳೆ ತುರುಕಿದೆವು. ಸರಸರ ಹಾಗೆಯೇ ಇತ್ತು. ಚಿಂತಾಮಣಿಯಲ್ಲಿ ಮದುವೆ ಮನೆಗಳಿಗೆ ಮೈಕ್ ಹಾಕುವವರೊಬ್ಬರು ಬಂದು ನೋಡಿ, ಸ್ಪೀಕರ್ ಅಲುಗಾಡಬಾರದು, ಕೆಳಗೆ ಭಾರದ ಕಲ್ಲು ಬೇಕು ಎಂದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ನಾಲ್ಕು ಜನ ಎತ್ತಿ ತಂದು ಒಂದು ಸ್ಪೀಕರಿನ ಕೆಳಗಿಟ್ಟೆವು. ಇನ್ನೊಂದಕ್ಕೆ ರುಬ್ಬುಗುಂಡು. ರುಬ್ಬುಗುಂಡಿನ ಮೇಲೆ ಸ್ಪೀಕರ್ ನಿಲ್ಲುವುದಿಲ್ಲ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಯಿತು. ಮೂರನೇ ಸಾಲಿನಲ್ಲಿ ಸರಸರ ಕಡಿಮೆಯಾಗುವುದನ್ನು ಕೇಳಿದ ಅವರು, ಲೂಸ್ ಕಾಂಟ್ಯಾಕ್ಟ್ ಇರಬೇಕು ಎಂದು ಹೇಳಿ ಊಟ ಮಾಡಿ ಹೋದರು. ಅತ್ತೆ ಮೂರು ದಿನ ಬಟ್ಟೆ ಒಗೆಯಲಿಲ್ಲ.

ಅಷ್ಟರಲ್ಲಿ ಗೂಡು ಬಿಡಿಸಿ, ಮಾರಿ, ಹುಳು ಮನೆ ಖಾಲಿಯಾಯಿತು. ಮುಂದಿನ ಬೆಳೆಗೆ ಹುಳು ತರುವ ಮೊದಲು ಅದನ್ನು ತೊಳೆದು, ಔಷಧಿ ಹೊಡೆದು ಒಂದು ವಾರ ಬಿಡುತ್ತಾರೆ. ಅದನ್ನು ನೋಡಲು ಒಳಗೆ ಹೋದ ನಾನು ಏನೋ ಹೇಳಿದೆ. ನನ್ನ ಮಾತು ನನಗೇ ಬೇರೆಯಾಗಿ ಕೇಳಿಸಿತು. ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಕೇಳಿಸುತ್ತಿತ್ತು. ಇಲ್ಲಿ ಒಂದು ತಟ್ಟಿದರೆ ಒಂದೇ. ಗೋಡೆಗೆ ಉದ್ದಕ್ಕೂ ಚಂದ್ರಿಕೆಗಳನ್ನು ಒರಗಿಸಿದ್ದರು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿದಿರಿನ ಚಾಪೆಯ ಮೇಲೆ ಸುತ್ತುಸುತ್ತಾಗಿ ಬಿದಿರುಪಟ್ಟಿ ಹೊಲಿದಿರುತ್ತಾರಲ್ಲ, ಅವು. ಬಾಗಿಲಿಗೂ ಕಿಟಕಿಗೂ ಗೋಣಿತಾಟು. ಮೂಲೆಯಲ್ಲಿ ಮಡಿಸಿಟ್ಟ ಗೋಣಿಚೀಲಗಳ ರಾಶಿ. ಸದ್ದು ಗೋಡೆಗೆ ಬಡಿದು ವಾಪಸ್ ಬರಲು ಅಲ್ಲಿ ನುಣುಪು ಜಾಗವೇ ಇರಲಿಲ್ಲ. ದೋಷ ವೈರಿನದ್ದಲ್ಲ, ಕಲ್ಲಿನದ್ದೂ ಅಲ್ಲ, ಹಾಲ್‌ನದ್ದು ಎಂದು ಮಾವನಿಗೆ ಹೇಳಿದೆ. ಹೊಸ ಹಾಲ್ ಬಗ್ಗೆ ಹಾಗೆ ಹೇಳಿದ್ದಕ್ಕೆ ಅವರು ಮುನಿಸಿಕೊಂಡು ಅರ್ಧ ದಿನ ತೋಟದಲ್ಲೇ ಕಳೆದರು. ಆಮೇಲೆ ಸ್ಪೀಕರ್ ಎತ್ತು ಎಂದರು.

ಅತ್ತೆ ಒಂದು ಷರತ್ತು ಹಾಕಿದರು. ಹುಳು ಮನೆಗೆ ಕಾಲಿಡುವ ಯಾರೇ ಆದರೂ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಬೇಕು, ರೋಗ ಒಳಗೆ ಹೋಗಬಾರದು. ಸ್ಪೀಕರಿಗೂ ನಾಲ್ಕು ಕಾಲಿದೆ ಎಂಬುದು ಅವರ ನಿಲುವು. ನಾವು ಒಂದೊಂದಾಗಿ ಎತ್ತಿ, ರಬ್ಬರ್ ಕಾಲುಗಳನ್ನು ಆ ನೀರಿಗೆ ಮುಟ್ಟಿಸಿ ಒಳಗೆ ತಂದೆವು. ಬಾಸ್ ಪೆಟ್ಟಿಗೆಯನ್ನು ಅವರೇ ಎರಡು ಸಲ ಮುಟ್ಟಿಸಿದರು.

ಗಡುವಿನ ಕೊನೆಯ ಭಾನುವಾರ ಮೇಷ್ಟ್ರು ಬಂದು, ಕಾಲು ಅದ್ದಿ, ಗೋಣಿಚೀಲಗಳ ರಾಶಿಯ ಮೇಲೆ ಕೂತರು. ಹಾರ್ಮೋನಿಯಂ ಅವರ ಮುಂದಿತ್ತು. ಮಾವ ಬಾಗಿಲ ಬಳಿ ನಿಂತರು, ದ್ವಾರಪಾಲಕನ ಹಾಗೆಯೇ. ನಾನು ಹಾಡು ಹಾಕಿದೆ.

ಮೊದಲು ಬಂದದ್ದು ಸರಸರ. ಇಲ್ಲಿ ಅದು ಮಳೆ ಬಂದ ಹಾಗೆ ಕೋಣೆ ತುಂಬಿತು. ಕಾಫಿ ಲೋಟ ಹಿಡಿದು ಬರುತ್ತಿದ್ದ ಅತ್ತೆ ನಿಂತು, ಹುಳು ಮೇಯಿಸುವ ಖಾಲಿ ಸ್ಟ್ಯಾಂಡುಗಳ ಕಡೆ ತಿರುಗಿ ನೋಡಿದರು.

"ಹುಳ ಸೊಪ್ಪು ತಿಂತಿದೆ," ಎಂದರು. "ನಾಲ್ಕನೇ ಜ್ವರ ಎದ್ದು ಐದು ದಿನ ಆಗಿರೋ ಹುಳ."

ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ಅಲುಗದೆ ಕೂತು, ಪೊರೆ ಕಳಚುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಮಿತಿ ಇಲ್ಲ. ಪಾತ್ರ ಹಂಚಿದ ಆ ಭಾನುವಾರ ಕಿಟಕಿಯ ಬಲೆಯ ಆಚೆಗೆ ಮನೆ ತುಂಬ ಅಂಥ ಹುಳುಗಳಿದ್ದವು. ಇಪ್ಪತ್ತೈದು ವರ್ಷದಿಂದ ದಿನವೂ ಆ ಸದ್ದಿನೊಳಗೇ ಬದುಕಿದ ಮಾವ, ಅದನ್ನು ಓಡಿಸಲು ಬೋರ್‌ವೆಲ್ ಕೇಬಲ್ ಎಳೆದಿದ್ದರು.

ಎರಡನೇ ಸಾಲು ಮುಗಿಯುವ ಹೊತ್ತಿಗೆ ಸರಸರ ಸಣ್ಣದಾಯಿತು. ಸೊಪ್ಪು ಮುಗೀತಾ ಬಂತು ನೋಡಿ ಎಂದರು ಅತ್ತೆ. ಮೂರನೇ ಸಾಲು ಶುರುವಾಯಿತು. ಆಗ ಹಸು ಇದ್ದ ಜಾಗದಲ್ಲಿ, ಎರಡೂ ಸ್ಪೀಕರ್‌ಗಳ ನಡುವಿನಿಂದ, ಒಂದಕ್ಷರವೂ ಮಸುಕಾಗದೆ, ಅತ್ತೆಯ ದನಿ ಬಂತು.

"ರೀ, ಸೊಪ್ಪಿನ ಹೊತ್ತಾಯ್ತು. ಬರ್ತೀರಾ, ನಾನೇ ಹಾಕ್ಲಾ?"

"ನಾನೇ ಹಾಕ್ಲಾ" ಎಂಬಲ್ಲಿ ಮಾವನ ಶ್ರುತಿ ಜಾರಿತು. ಅದರ ಬೆನ್ನಿಗೇ ತಿದಿ ಮುಚ್ಚಿದ ಸದ್ದು.

ಮೇಷ್ಟ್ರು ಮತ್ತೆ ಹಾಕಿಸಿದರು. ಒಟ್ಟು ಮೂರು ಸಲ ಕೇಳಿದರು. ಅವತ್ತು ಅವರ ಕಿವಿಯ ಹತ್ತಿರ ಇದ್ದದ್ದು ಹಾರ್ಮೋನಿಯಂ, ಒಳಗಿನ ಕೂಗು ಅವರಿಗೆ ಕೇಳಿಸಿರಲಿಲ್ಲ. ಮಾವನಿಗೂ ಕರೆದದ್ದು ನೆನಪಿಲ್ಲ. ಅತ್ತೆಯನ್ನು ಕೇಳಿದರೆ, ಕರೆಯದೆ ಇರಲು ಆಗುತ್ತಾ, ಹುಳ ಹಸಿದಿದ್ದವು ಎಂದರು.

ಒಂದು ಸಾಕ್ಷ್ಯದ ಮೇಲೆ ತೀರ್ಮಾನ ಬೇಡ ಎಂದು ನಾನು ಹೇಳಿದೆ. ಮೇಷ್ಟ್ರು ತಿದಿ ಎಳೆದು ಶ್ರುತಿ ಹಿಡಿದರು. ಮಾವ ಪೂರ್ತಿ ಪದ ಹಾಡಿದರು. ಎಲ್ಲೂ ಜಾರಲಿಲ್ಲ. ಮೇಷ್ಟ್ರು ಅತ್ತೆಯ ಕಿವಿಯಲ್ಲಿ ಏನೋ ಹೇಳಿ ಹೊರಗೆ ಕಳಿಸಿ, ಮಾವನನ್ನು ಮತ್ತೊಮ್ಮೆ ಹಾಡಲು ಹೇಳಿದರು. ಮೂರನೇ ಸಾಲಿಗೆ ಹೊರಗಿನಿಂದ ಅತ್ತೆ ಅದೇ ಮಾತು ಕೂಗಿದರು. ಹುಳು ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಆದರೂ ಮಾವನ ಕುತ್ತಿಗೆ ಬಾಗಿಲ ಕಡೆ ತಿರುಗಿತು, ಬಲಗಾಲು ಒಂದು ಹೆಜ್ಜೆ ಇಟ್ಟಿತು, ಶ್ರುತಿ ಅದೇ ಜಾಗದಲ್ಲಿ ಅದೇ ಅಳತೆಗೆ ಇಳಿಯಿತು.

"ರಾಜ ಹಿಂಗೆ ಹೆಂಡ್ತಿ ಕರೆದ್ರೆ ಎದ್ದು ಹೋಗ್ತಾನೇನಯ್ಯಾ?" ಎಂದು ಮೇಷ್ಟ್ರು ಕೇಳಿದರು.

"ಹುಳ ಸಾಕೋ ರಾಜ ಆದ್ರೆ ಹೋಗ್ಬೇಕಾಗುತ್ತೆ ಮೇಷ್ಟ್ರೇ," ಎಂದರು ಮಾವ.

ಮೇಷ್ಟ್ರು ಅತ್ತೆಯನ್ನು ಒಳಗೆ ಕರೆದರು. "ಏನಮ್ಮಾ, ಜ್ವರಕ್ಕೆ ಕೂತಾಗ ಹುಳಕ್ಕೆ ಸೊಪ್ಪು ಹಾಕೋ ಹಾಗಿಲ್ಲ ಅಲ್ವಾ?" ಎಂದು ಕೇಳಿದರು.

ಹಾಕುವ ಹಾಗಿಲ್ಲ ಎಂದರು ಅತ್ತೆ. ಆಗ ಕರೆಯುವ ಕೆಲಸವೂ ಇರುವುದಿಲ್ಲ ಎಂದೂ ಸೇರಿಸಿದರು.

ಮೇಷ್ಟ್ರು ಪಟ್ಟಿ ತೆಗೆದು ದ್ವಾರಪಾಲಕ ಎಂಬುದನ್ನು ಹೊಡೆದು ಹಾಕಿ ರಾಜ ಎಂದು ಬರೆದರು. ಕಾಫಿ ಆರಿತ್ತು, ಅತ್ತೆ ಮತ್ತೆ ಕಾಯಿಸಿ ತಂದರು. ಆ ಸಂಜೆ ಅತ್ತೆ ನನ್ನ ಟಿಪ್ಪಣಿ ಪುಸ್ತಕ ಕೇಳಿ ಪಡೆದು ಮೊದಲ ಪುಟ ಓದಿದರು. ಆ ಪುಟವನ್ನು ನನಗೆ ತೋರಿಸುತ್ತಾ ನಿಂತರು. ನಾನು ಕೆಳಗೆ ಬರೆದು ಸಹಿ ಹಾಕಿದೆ: "ತಿದ್ದುಪಡಿ. ಹಸು ಎಂದಿರುವಲ್ಲಿ ಅತ್ತೆ ಎಂದು ಓದಿಕೊಳ್ಳತಕ್ಕದ್ದು. ಪ್ರಮಾದಕ್ಕೆ ವಿಷಾದಿಸುತ್ತೇವೆ."

ಹುಳು ಬರುವ ಮೊದಲು ಸೌಂಡ್ ಸಿಸ್ಟಂ ಹಾಲ್‌ಗೆ ವಾಪಸಾಯಿತು. ಜೊತೆಗೆ ಆರು ಹಳೆಯ ಚಂದ್ರಿಕೆಗಳೂ ಹೋದವು. ನಾಲ್ಕು ಗೋಡೆಗೆ, ಎರಡು ಗಾಜಿನ ಶೋಕೇಸಿನ ಮುಂದಕ್ಕೆ. ನೆಲಕ್ಕೆ ಗೋಣಿಚೀಲ ಹಾಸಿದ್ದಾರೆ. ಈಗ ಅಲ್ಲಿ ಒಂದು ಚಪ್ಪಾಳೆಗೆ ಒಂದೂವರೆ ಕೇಳಿಸುತ್ತದೆ. ಚಿಕ್ಕಬಳ್ಳಾಪುರದಿಂದ ಬಂದ ನೆಂಟರೊಬ್ಬರು, ಈ ಸಲ ಹಾಲ್‌ನಲ್ಲೂ ಬೆಳೆ ಇಟ್ಟಿದ್ದೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದುಕೊಂಡು ಬಂದರು. ಬಟ್ಟೆ ಒಗೆಯುವ ಕಲ್ಲು ಹಿತ್ತಲಿಗೆ ಮರಳಿದೆ.

ನಾಟಕದ ದಿನವನ್ನು ಮೇಷ್ಟ್ರು ಪಂಚಾಂಗ ನೋಡದೆ ಗೊತ್ತು ಮಾಡಿದರು. ಸಂಕ್ರಾಂತಿ ಕಳೆದು ಬರುವ ಬೆಳೆಯಲ್ಲಿ, ಹುಳು ನಾಲ್ಕನೇ ಜ್ವರಕ್ಕೆ ಕೂರುವ ದಿನ. ಆ ಬೆಳೆಯ ಹುಳು ಬಂದಿವೆ. ಇಂದು ಬೆಳಗ್ಗೆ ಮೂರನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿವೆ. ನಾಲ್ಕನೇ ಜ್ವರಕ್ಕೆ ಕೂರಲು ಇನ್ನು ನಾಲ್ಕು ದಿನ.