ಪಕ್ಕದ ಕೋಣೆಯ ಹಾಜರಿ

ಪಕ್ಕದ ಕೋಣೆಯ ಮೇಡಂ ಅವರ ಸೀರೆಯ ಸೆರಗಿನ ತುದಿ ಯಾವಾಗಲೂ ಒದ್ದೆ. ಒಂದನೇ ತರಗತಿಯ ಮೂವತ್ತು ಮಕ್ಕಳ ಮೂಗು, ಕಣ್ಣು, ರಾಗಿ ಮಾಲ್ಟ್ ಮೆತ್ತಿದ ಬಾಯಿ ಎಲ್ಲಕ್ಕೂ ಅದೊಂದೇ ಸೆರಗು. ನಾನೋ ದಿನಾ ಇಸ್ತ್ರಿ ಮಾಡಿದ ಕರವಸ್ತ್ರ ತರುತ್ತಿದ್ದೆ. ಮಗು ಅತ್ತರೆ ಮಡಿಕೆ ಬಿಚ್ಚಿ ಕೊಡುತ್ತಿದ್ದೆ. ಮಗು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಕೋಣೆಗೆ ಓಡುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

ಪೀಣ್ಯದ ಎರಡನೇ ಹಂತದಲ್ಲಿ ಲೇತ್ ಮಿಷನ್ನುಗಳ ಸದ್ದಿನ ನಡುವೆ ಇರುವ ಸರ್ಕಾರಿ ಶಾಲೆ ನಮ್ಮದು. ಒಂದನೇ ತರಗತಿಗೆ ಎರಡು ವಿಭಾಗ. ‘ಎ’ ನನ್ನದು, ‘ಬಿ’ ಮೇಡಂ ಅವರದು. ನಡುವೆ ಒಂದು ಗೋಡೆ, ಅದೂ ಸೂರು ಮುಟ್ಟದ ಗೋಡೆ. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಅವರ ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು.

ಜೂನ್ ಬಂದ ಕೂಡಲೇ ನಾನು ಬಾಗಿಲಿಗೆ ಬಣ್ಣದ ಹಾಳೆ ಅಂಟಿಸುತ್ತಿದ್ದೆ: ‘ಈ ತಿಂಗಳು ನಾವು ಕಲಿಯುವುದು’. ಸ್ವರಗಳು, ಒಂದರಿಂದ ಇಪ್ಪತ್ತು, ಐದು ಬಣ್ಣ, ಎರಡು ಪದ್ಯ. ಮೇಡಂ ಏನೂ ಅಂಟಿಸುತ್ತಿರಲಿಲ್ಲ. ಅವರ ಮಕ್ಕಳು ಮೊದಲ ತಿಂಗಳು ಕಲಿಯುತ್ತಿದ್ದುದು ಚಪ್ಪಲಿಯನ್ನು ಜೋಡಿಯಾಗಿ ಬಿಡುವುದು, ಶೌಚಾಲಯದ ಚಿಲಕ ಒಳಗಿನಿಂದ ತೆಗೆಯುವುದು, ಲೋಟದ ತುಂಬ ನೀರು ಹಿಡಿದು ಚೆಲ್ಲದೆ ನಡೆಯುವುದು. ಇದೇನು ಪಾಠವೇ ಎಂದು ನಾನು ಹೆಡ್‌ಮಾಸ್ಟರ ಮುಂದೆ ಚಾಡಿಯನ್ನೂ ಹೇಳಿದ್ದೆ. ಅವರು ನಕ್ಕು, “ಆಯಮ್ಮನ್ ಮಕ್ಳು ಎರಡನೇ ಕ್ಲಾಸಿಗೆ ಹೋಗೋಷ್ಟೊತ್ತಿಗೆ ಪಟಪಟ ಓದ್ತಾರೆ, ಬಿಡಿ ಮಿಸ್” ಅಂದರು. ಅದು ನಿಜವೇ ಆಗಿದ್ದರಿಂದ ನನಗೆ ಮತ್ತಷ್ಟು ಉರಿಯಿತು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅವರ ಹಾಜರಿ. ನನ್ನ ಕೋಣೆಯಲ್ಲಿ ಹೆಸರು ಕರೆದರೆ “ಪ್ರೆಸೆಂಟ್ ಮಿಸ್”. ಅವರ ಕೋಣೆಯಲ್ಲಿ ಮಗು ಎದ್ದು ನಿಂತು ಬೆಳಿಗ್ಗೆ ಏನು ತಿಂದೆ ಎಂದು ಹೇಳಬೇಕು. “ಚಿತ್ರಾನ್ನ!” “ಟೀ, ಬನ್ನು!” “ರಾತ್ರಿ ಮಿಕ್ಕಿದ್ ಮುದ್ದೆ ಮಿಸ್!” ಒಂದೊಂದಕ್ಕೂ ನಗು ಗೋಡೆ ದಾಟಿ ಬರುತ್ತಿತ್ತು. ನನ್ನ ಮಕ್ಕಳು ಬರೆಯುವುದನ್ನು ಬಿಟ್ಟು ಆ ಕಡೆ ಕಿವಿ ಕೊಡುತ್ತಿದ್ದರು.

ಕೊನೆಗೆ ಒಂದು ಸೋಮವಾರ ನಾನೂ ಅದನ್ನು ಕದ್ದೆ. “ಇವತ್ತಿಂದ ನೀವೂ ಏನ್ ತಿಂದ್ರಿ ಅಂತ ಹೇಳ್ಬೇಕು” ಅಂದೆ. ಮೊದಲ ಹುಡುಗಿ “ದೋಸೆ ಮಿಸ್” ಅಂದಳು. “ವೆರಿ ಗುಡ್” ಅಂದೆ. ಎರಡನೆಯವನೂ ದೋಸೆ ತಿಂದಿದ್ದ. ವಾರ ಕಳೆಯುವುದರೊಳಗೆ ನನ್ನ ಇಡೀ ತರಗತಿ ದಿನಾ ದೋಸೆ ತಿಂದು ಬರುತ್ತಿತ್ತು. ಎಷ್ಟು ಶಿಸ್ತಾಗಿ ನಡೆಯುತ್ತಿದೆ ಎಂದು ಒಳಗೊಳಗೇ ಬೀಗಿದೆ.

ಯಾದಗಿರಿ ಕಡೆಯಿಂದ ಬಂದ ಮನೆಯೊಂದರ ಅವಳಿ ಮಕ್ಕಳಿದ್ದರು. ತಾಯಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ, ತಂದೆಗೆ ಕಟ್ಟಡದ ಕೆಲಸ. ಹುಡುಗ ನನ್ನ ತರಗತಿಯಲ್ಲಿ, ಹುಡುಗಿ ಮೇಡಂ ತರಗತಿಯಲ್ಲಿ. ಒಂದು ಬೆಳಿಗ್ಗೆ ನಾನು ಹಾಜರಿ ಮುಗಿಸಿದ್ದೆನಷ್ಟೆ, ಮೇಡಂ ಆ ಹುಡುಗಿಯ ಕೈ ಹಿಡಿದು ನನ್ನ ಬಾಗಿಲಲ್ಲಿ ನಿಂತರು.

“ಇವ್ಳ ತಮ್ಮ ಏನ್ ತಿಂದೆ ಅಂದ ಮಿಸ್?”

“ದೋಸೆ” ಅಂದೆ.

“ನೀನು ಹೇಳವ್ವ” ಎಂದು ಮೇಡಂ ಹುಡುಗಿಯನ್ನು ನೋಡಿದರು.

“ಗ್ಯಾಸ್ ಮುಗದದ್ರಿ ಮಿಸ್. ರಾತ್ರಿನೂ ಉಂಡಿಲ್ರಿ” ಅಂದಳು ಅವಳು.

ಹುಡುಗ ತಲೆ ತಗ್ಗಿಸಿ ಬೆಂಚಿನ ಮೂಲೆಗೆ ಸರಿದ. ಮೇಡಂ ತಮ್ಮ ಚೀಲದಿಂದ ಎರಡು ಬನ್ನು ತೆಗೆದು ಇಬ್ಬರಿಗೂ ಕೊಟ್ಟು, ಅವರು ತಿಂದು ಮುಗಿಸುವವರೆಗೆ ಅಲ್ಲೇ ಕೂತರು. ನನ್ನನ್ನು ಬೈದಿದ್ದರೆ ವಾಸಿಯಿತ್ತು. ಒಂದೇ ಮನೆಯ, ಒಂದೇ ಹಸಿವಿನ ಮಕ್ಕಳು. ಒಬ್ಬಳು ಅವರಿಗೆ ನಿಜ ಹೇಳಿದ್ದಳು, ಇನ್ನೊಬ್ಬ ನನಗೆ ದೋಸೆ ಹೇಳಿದ್ದ.

ಸಂಜೆ ಬಸ್ ಸ್ಟಾಪಿನಲ್ಲಿ ತಡೆಯಲಾಗದೆ ಕೇಳಿಬಿಟ್ಟೆ. “ನಿಮ್ಮತ್ರ ಮಾತ್ರ ಯಾಕ್ ಮೇಡಂ ನಿಜ ಹೇಳ್ತಾರೆ? ನನ್ನತ್ರ ಯಾಕಿಲ್ಲ?” ಅಳು ಬಂದಿತ್ತು. ಅಳುವಿನೊಳಗೆ ಸಿಟ್ಟೂ ಇತ್ತು.

“ಆ ವೆರಿ ಗುಡ್ ಅನ್ನೋದ್ ಬಿಟ್ಬಿಡಿ ಮೊದ್ಲು. ಗೋಡೆ ಈ ಕಡೆ ನಂಗೂ ಕೇಳ್ಸುತ್ತೆ ಕಣ್ರೀ” ಎಂದು ಅವರು ನಕ್ಕರು. “ಹಾಜರೀಲಿ ನಿಮ್ ಹೆಸ್ರು ನೀವೇ ಮೊದ್ಲು ಕರ್ಕೊಳ್ಳಿ. ನೀವೇನ್ ತಿಂದ್ರಿ ಹೇಳಿ. ಸುಳ್ ಮಾತ್ರ ಹೇಳ್ಬೇಡಿ, ಮಕ್ಳಿಗೆ ಗೊತ್ತಾಗ್ಬಿಡುತ್ತೆ.”

ಅಂದರೆ ನಾನು ಕದ್ದದ್ದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಆ ರಾತ್ರಿ ನಾಚಿಕೆಯಿಂದ ನಿದ್ದೆ ಬರಲಿಲ್ಲ.

ಮರುದಿನ ನನ್ನ ಹೆಸರು ನಾನೇ ಕರೆದುಕೊಂಡು, “ನಾನಿವತ್ತು ಏನೂ ತಿಂದಿಲ್ಲ. ಮನೇಲಿ ಜಗಳ ಆಡ್ಕೊಂಡ್ ಬಂದೆ” ಅಂದೆ. ಅದು ನಿಜವಾಗಿತ್ತು. ಹಿಂದಿನ ಸಾಲಿನಿಂದ ಒಬ್ಬಳು “ಯಾರ್ ಹತ್ರ ಮಿಸ್?” ಎಂದು ಕೇಳಿದಳು. “ನಮ್ಮತ್ತೆ ಹತ್ರ” ಅಂದದ್ದೇ ತಡ, ಎಲ್ಲರೂ ಗೊಳ್ಳೆಂದರು. ಪಕ್ಕದ ಕೋಣೆಗೆ ಕೇಳಿಸಲಿ ಎಂದು ನಾನೂ ಅಗತ್ಯಕ್ಕಿಂತ ಜೋರಾಗಿಯೇ ನಕ್ಕೆ. ಅವಳಿ ಹುಡುಗನ ಸರದಿ ಬಂದಾಗ ಅವನು ಎದ್ದು, ನನ್ನ ಮುಖವನ್ನೇ ನೋಡುತ್ತ, “ಬಿಸ್ಕೀಟ್ ತಿಂದೀನ್ರಿ. ಎರಡ” ಅಂದ. ನಾನು ವೆರಿ ಗುಡ್ ಅನ್ನಲಿಲ್ಲ.

ನಿವೃತ್ತಿಗೆ ಇನ್ನೂ ಎಂಟು ತಿಂಗಳಿರುವಾಗ ಮೇಡಂ ಕಾಯಿಲೆ ಬಿದ್ದು ತೀರಿಕೊಂಡರು. ಪ್ರಾರ್ಥನೆಯ ಸಾಲಿನಲ್ಲಿ ಸುದ್ದಿ ಹೇಳಿದಾಗ ಮಕ್ಕಳೆಲ್ಲ ಬಿಕ್ಕಿಬಿಕ್ಕಿ ಅತ್ತರು. ನಾನೂ ಅತ್ತೆ. ಅಳುತ್ತಲೇ, ನಾನು ಸತ್ತರೆ ಇವರು ಹೀಗೆ ಅಳುವರೇ ಎಂಬ ಯೋಚನೆಯೂ ಬಂತು. ಅದಕ್ಕೆ ಇವತ್ತಿಗೂ ನನಗೆ ಕ್ಷಮೆಯಿಲ್ಲ.

ಈ ಜೂನಿನಲ್ಲಿ ಅವಳಿ ಮಕ್ಕಳ ತಾಯಿ ಬಂದಳು. ವರ್ಷದಿಂದ ಅವರು ಊರಿನಲ್ಲಿದ್ದರು, ಈಗ ಮತ್ತೆ ಪೀಣ್ಯಕ್ಕೆ ಬಂದಿದ್ದರು. ಜೊತೆಯಲ್ಲಿ ಕೊನೆಯ ಮಗಳು.

“ಇಕಿಗಿ ಆ ದೊಡ್ಡ ಮಿಸ್ ಕ್ಲಾಸಿಗಿ ಹಾಕ್ರಿ” ಅಂದಳು.

“ಅವ್ರಿಲ್ಲಮ್ಮ. ಹೋದ್ ವರ್ಷ ತೀರ್ಕೊಂಡ್ರು” ಅಂದೆ.

ಅವಳು ಪಕ್ಕದ ಕೋಣೆಯ ಬಾಗಿಲ ತನಕ ಹೋಗಿ ಇಣುಕಿ ಬಂದಳು. ಕೆಲಸಕ್ಕೆ ಹೊತ್ತಾಗುತ್ತಿತ್ತು. ಕೊನೆಗೆ ನಿಟ್ಟುಸಿರು ಬಿಟ್ಟು, “ಹಂಗಾದ್ರ ನಿಮ್ಮ ಕ್ಲಾಸಿಗೇ ಹಾಕ್ರಿ” ಅಂದಳು.

ಆ ‘ಹಂಗಾದ್ರ’ ಎದೆಗೆ ಚುರ್ರೆಂದಿತು. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಾನು ಬಗ್ಗಿ ಕೈ ಚಾಚಿದೆ. ಮಗು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿತು, ತಾಯಿಯನ್ನು ನೋಡಿತು, ಆಮೇಲೆ ಬೇರೆ ದಾರಿಯಿಲ್ಲದವರ ಹಾಗೆ ನನ್ನ ಎರಡು ಬೆರಳು ಹಿಡಿದುಕೊಂಡಿತು.